ಇನ್ನೊಂದು ಕಾಲು ಪರದೇಶದಲ್ಲಿ

ನಾನು ಒಂದು ಕಾಲ್ಮರಿ. ಅದೂ ಎಡಗಾಲಿನದು. ಈ ಎರಡನೆಯ ಮಾತು ಹೇಳುವಾಗ ನನ್ನ ದನಿ ಸ್ವಲ್ಪ ಕಹಿಯಾದರೆ ಕ್ಷಮಿಸಬೇಕು. ಬಲಗಾಲಿನವರಿಗೆ ನನ್ನ ಸಂಕಟ ತಿಳಿಯುವುದಿಲ್ಲ.

ನಾನು ಹುಟ್ಟಿದ್ದು ಅಥಣಿಯ ಒಂದು ಓಣಿಯಲ್ಲಿ. ನಮ್ಮ ಕಡೆ ಚಪ್ಪಲಿಗೆ ಕಾಲ್ಮರಿ ಅನ್ನುವುದು ರೂಢಿ. ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ನೆನೆದು ಹದಗೊಂಡ ಎಮ್ಮೆಯ ಚರ್ಮ ನನ್ನ ಮೈ. ಆಡಿನ ಚರ್ಮದ ಎಳೆಗಳನ್ನು ಹೆಣೆದು ಮಾಡಿದ ಜಡೆ ನನ್ನ ಸಿಂಗಾರ. ಹುಡುಕಿದರೂ ಒಂದು ಮೊಳೆ ಸಿಗದು, ಎಲ್ಲ ಚರ್ಮದ ದಾರದ ಹೊಲಿಗೆ. ನನ್ನನ್ನು ಮಾಡಿದವಳು ಕಸ್ತೂರಿ. ಅಪ್ಪ ತೀರಿಕೊಂಡ ಮೇಲೆ ಜಡೆ ಹೆಣೆಯುವುದರ ಜೊತೆಗೆ ಅಟ್ಟೆ ಹೊಲಿಯುವ ಗಂಡಸರ ಕೆಲಸವನ್ನೂ ಅವಳೇ ಹಿಡಿದಿದ್ದಳು. ಊರವರ ಕಾಲಿಗೆಲ್ಲ ಮಾಡಿಕೊಟ್ಟ ಆಕೆ ಕೆಲಸದ ಕೋಣೆಯಲ್ಲಿ ಬರಿಗಾಲು, ಹೊರಗೆ ಹೊರಟರೆ ರಬ್ಬರಿನ ಸ್ಲಿಪ್ಪರು. ಒಂದು ದಿನ ಅವಳಿಗೆ ಏನನ್ನಿಸಿತೋ, ಒಳ್ಳೆಯ ಚರ್ಮ ಆರಿಸಿ, ಅದರ ಮೇಲೆ ತನ್ನದೇ ಪಾದ ಊರಿ ಗೆರೆ ಎಳೆದಳು. ಹಾಗೆ ನಾವಿಬ್ಬರು ಹುಟ್ಟಿದೆವು.

ಇಬ್ಬರು ಅಂದೆನಲ್ಲ, ನನ್ನ ತಕರಾರು ಅಲ್ಲಿಂದಲೇ ಶುರು. ಅವಳು ಮೊದಲು ಕತ್ತರಿಸಿದ್ದು ಬಲಗಾಲಿನವನನ್ನು. ಅವನ ಜಡೆಯನ್ನು ಬೆಳಗಿನ ಹುರುಪಿನಲ್ಲಿ ಹೆಣೆದಳು, ನನ್ನದನ್ನು ಸಂಜೆ, ಬೆನ್ನು ನೋಯುತ್ತಿರುವಾಗ. ಈ ಲೋಕವೇ ಹಾಗೆ. ಸೊಸೆ ಮನೆ ತುಂಬುವುದು ಬಲಗಾಲಿಟ್ಟು, ಹೊಸ ಅಂಗಡಿಗೆ ಕಾಲಿಡುವುದು ಬಲಗಾಲಿಟ್ಟು. ನನ್ನ ಹೆಸರು ಬರುವುದು ಯಾರಾದರೂ ಯಾವುದನ್ನಾದರೂ ಎಡಗಾಲಲ್ಲಿ ಒದ್ದು ಬಂದಾಗ ಮಾತ್ರ. ಹುಟ್ಟಿದ ದಿನವೇ ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು, ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಕಸ್ತೂರಿಗೆ ಒಬ್ಬಳು ತಂಗಿ, ಅನಸೂಯಾ. ಅಕ್ಕ ಮಾಡಿದ್ದನ್ನು ಪುಣೆ, ಬೆಂಗಳೂರುಗಳ ಪ್ರದರ್ಶನಗಳಲ್ಲಿ ಮಾರಿ ಬರುವವಳು ಅವಳೇ. ಮಾತು ಚುರುಕು, ಕಾಲು ಅದಕ್ಕಿಂತ ಚುರುಕು. ಅವಳು ಒಂದು ಯೋಚನೆ ಹಿಡಿದುಕೊಂಡು ಬಂದಳು. ನೆದರ್ಲ್ಯಾಂಡ್ಸ್ ದೇಶದಲ್ಲಿ ಕಂಪನಿ ತೆರೆಯಬೇಕು. ಗಿರಾಕಿ ತನ್ನ ಎರಡೂ ಪಾದಗಳ ಫೋಟೋ ಕಳಿಸುವುದು, ಆ ಅಳತೆಗೆ ಅಥಣಿಯಲ್ಲಿ ಜೋಡು ತಯಾರಾಗುವುದು, ಸವೆದರೆ ಎಸೆಯದೆ ಹೊಸ ಅಟ್ಟೆ ಹಾಕಿಸಿಕೊಳ್ಳುವುದು. ಹೀಗೆ ಬಂದು ಹೊಸ ಉದ್ಯಮ ತೆರೆಯುವವರಿಗೆಂದೇ ಅಲ್ಲಿ ಒಂದು ವೀಸಾ ಉಂಟಂತೆ. ಆದರೆ ತಂದ ಯೋಚನೆಯಲ್ಲಿ ಹೊಸತನ ಇರಬೇಕಂತೆ.

“ಇದ್ರಾಗ ಹೊಸಾದು ಏನೈತಿ ಅನಸೂ?” ಎಂದು ಕಸ್ತೂರಿ ಕೇಳಿದಳು. “ನಮ್ಮಜ್ಜನೂ ಕಾಲ ಅಳತಿ ತಗೊಂಡ ಮಾಡತಿದ್ದ. ಸವದ್ರ ಅಟ್ಟಿ ಹಚ್ಚಿ ಕೊಡತಿದ್ದ.”

“ಹೌದಕ್ಕ. ಆದ್ರ ಅಲ್ಲಿ ಮಂದಿಗೆ ಅದ ಹೊಸಾದು,” ಎಂದಳು ಅನಸೂಯಾ.

ತಾನೂ ಹೋಗಬೇಕೆಂಬ ಆಸೆ ಕಸ್ತೂರಿಗಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಳು. ಅಲ್ಲಿ ಇರುವಷ್ಟು ದಿನದ ಖರ್ಚಿಗೆ ಹಣ ಇದೆಯೆಂದು ತೋರಿಸಬೇಕಿತ್ತು, ಒಬ್ಬಳದನ್ನು ತೋರಿಸುವುದರಲ್ಲೇ ಇಬ್ಬರೂ ಸುಸ್ತಾದರು. ಮೇಲಾಗಿ ಕಸ್ತೂರಿಯೂ ಹೊರಟರೆ ಜೋಡು ಹೊಲಿಯುವವರು ಯಾರು? ಅರ್ಜಿಯಲ್ಲಿ ಅನಸೂಯಾ ಸಂಸ್ಥಾಪಕಿ ಆದಳು. ಕಸ್ತೂರಿ ಮಾಲು ಪೂರೈಸುವವಳು ಆದಳು. ತಂಗಿ ಅದನ್ನು ಓದಿ ಹೇಳಿದಾಗ ಅಕ್ಕ ತಲೆಯೆತ್ತಲಿಲ್ಲ. ಅವಳ ಕೈಯ ಚರ್ಮ ಕೊಯ್ಯುವ ರಂಪಿಗೆ ಮಾತ್ರ ಚರ್ಮದ ಮೇಲೆ ಬೇಕಾದದ್ದಕ್ಕಿಂತ ಜೋರಾಗಿ ಓಡಿತು. ಮೂಲೆಯಲ್ಲಿದ್ದ ನನಗೆ ಅವಳ ಮನಸ್ಸು ಚೆನ್ನಾಗಿ ಅರ್ಥವಾಯಿತು. ಎರಡನೆಯವರ ನೋವು ಎರಡನೆಯವರಿಗೇ ಗೊತ್ತು.

ವೀಸಾ ಬಂತು, ಒಂದು ವರ್ಷಕ್ಕೆ. ಆ ವರ್ಷದೊಳಗೆ ಅಲ್ಲಿಯ ಒಂದು ಸಂಸ್ಥೆಯ ಮಾರ್ಗದರ್ಶನದಲ್ಲಿ ವ್ಯಾಪಾರ ಕಾಲೂರಿದೆಯೆಂದು ತೋರಿಸಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಹೊರಡುವ ದಿನ ಅನಸೂಯಾ ಮಾದರಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಮಾದರಿಗೆ ಒಂದೇ ಕಾಲಿನದನ್ನು ಒಯ್ಯುವುದು ನಮ್ಮ ಓಣಿಯ ಪದ್ಧತಿ. ಜೋಡಿ ಒಯ್ದರೆ ನೋಡಿದವರು ಮೆಟ್ಟಿಕೊಂಡೇ ಹೋಗುತ್ತಾರೆ. ಅವಳ ಕಣ್ಣು ನಮ್ಮ ಮೇಲೆ ಬಿತ್ತು. ಓಣಿಯಲ್ಲಿ ನಮ್ಮಷ್ಟು ಚಂದದ್ದು ಬೇರೆ ಇರಲಿಲ್ಲ.

“ಬಲಗಾಲಿಂದು ಒಯ್ಯತೀನಕ್ಕ, ಶುಭ ಇರತೈತಿ,” ಎಂದಳು. ನಾವು ಯಾರಿಗಾಗಿ ಹುಟ್ಟಿದ್ದೆಂದು ಅವಳು ಕೇಳಲಿಲ್ಲ. ಕಸ್ತೂರಿಯೂ ಹೇಳಲಿಲ್ಲ.

ಅವನು ಬಟ್ಟೆಯಲ್ಲಿ ಸುತ್ತಿಸಿಕೊಂಡು ಹೊರಟ. ನನ್ನನ್ನು ಗೋಡೆಯ ಗೂಟಕ್ಕೆ ತೂಗುಹಾಕಿದರು.

ಆಮೇಲೆ ಫೋನಿನಲ್ಲಿ ಫೋಟೋಗಳು ಬರತೊಡಗಿದವು. ಬಿಳಿಯ ಕಟ್ಟೆಯ ಮೇಲೆ ಬಲಗಾಲಿನವನು. ಅವನ ಮೇಲೊಂದು ದೀಪ. ಸುತ್ತ ಕೈಕಟ್ಟಿ ನಿಂತ ಎತ್ತರದ ಜನ. ಪಕ್ಕದ ಮನೆಯ ಗೌರವ್ವ ಬಂದವಳು ಫೋನು ಇಸಿದುಕೊಂಡು, “ದೇವರ ಕಟ್ಟಿ ಮ್ಯಾಲ ಕುಂದ್ರಿಸಿದಂಗ ಐತಿ ನೋಡಬೇ,” ಎಂದು ಹೊಗಳಿದ್ದೇ ಹೊಗಳಿದ್ದು. ನನ್ನ ಮೈಯೆಲ್ಲ ಉರಿದುಹೋಯಿತು. ಅವನಲ್ಲಿ ಇದ್ದದ್ದು ನನ್ನಲ್ಲಿ ಏನಿರಲಿಲ್ಲ? ಅದೇ ಎಮ್ಮೆ, ಅದೇ ಆಡು, ಅದೇ ಕೈ. ಅವನ ಹೆಬ್ಬೆರಳು ಆ ಬದಿಗೆ, ನನ್ನ ಹೆಬ್ಬೆರಳು ಈ ಬದಿಗೆ, ಅಷ್ಟೇ. ಅವನ ಮೇಲೆ ಧೂಳು ಕೂರಲಿ, ಹುಳ ಬೀಳಲಿ ಎಂದು ಬಯಸಿದೆ. ಪರದೇಶದಲ್ಲಿ ಧೂಳೂ ಕಡಿಮೆಯಂತೆ.

ಕಸ್ತೂರಿಯೂ ಆ ಫೋಟೋಗಳನ್ನು ನೋಡುತ್ತಿದ್ದಳು. ಒಂದರಲ್ಲಿ ಅನಸೂಯಾ ಸಭೆಯ ಮುಂದೆ ನಿಂತು ಮಾತಾಡುತ್ತಿದ್ದಳು, ಹಿಂದೆ ಪರದೆಯ ಮೇಲೆ ಜಡೆ ಹೆಣೆಯುವ ಎರಡು ಕೈಗಳ ಚಿತ್ರ. ಕಸ್ತೂರಿ ಅದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಕೈಗಳು ಅವಳವೇ. ಮಣಿಕಟ್ಟಿನಿಂದ ಮೇಲೆ ಕತ್ತರಿಸಿದ್ದರು.

ಅವಳು ಎದ್ದು ಬಂದು ನನ್ನನ್ನು ಗೂಟದಿಂದ ಇಳಿಸಿದಳು. ನೆಲಕ್ಕೆ ಹಾಕಿ ಎಡಗಾಲು ತೂರಿಸಿದಳು. ಬಲಗಾಲು ಬರಿದೇ ಇತ್ತು. ಹಾಗೇ ಕೋಣೆಯ ತುಂಬ ಓಡಾಡಿದಳು, ಒಂದು ಹೆಜ್ಜೆ ಎತ್ತರ, ಒಂದು ಹೆಜ್ಜೆ ತಗ್ಗು. ಮರುದಿನವೂ ಮೆಟ್ಟಿದಳು. ಅದೇ ಚಾಳಿಯಾಯಿತು. ನೀರಿನ ನಲ್ಲಿಗೆ, ಚರ್ಮ ಒಣಹಾಕುವ ಬಯಲಿಗೆ, ಕಿರಾಣಿ ಅಂಗಡಿಗೆ ನಾನೊಬ್ಬನೇ ಅವಳೊಂದಿಗೆ ಹೋದೆ.

ಗೌರವ್ವ ಒಮ್ಮೆ ಕೇಳಿಯೇಬಿಟ್ಟಳು. “ಒಂದ ಕಾಲಾಗ ಯಾಕ ಮೆಟಗೊಂಡೀಬೇ?”

“ಇನ್ನೊಂದ ಕಾಲ ಪರದೇಶದಾಗೈತಿ,” ಎಂದಳು ಕಸ್ತೂರಿ.

ಸಿಟ್ಟಿನ ನಡಿಗೆಯಾದರೂ ಅದು ನಡಿಗೆಯೇ. ಅವಳ ಹಿಮ್ಮಡಿಯ ಭಾರ, ಬೆವರು, ಬೆರಳುಗಳ ಗುರುತು ನನ್ನ ಮೈಗೆ ಇಳಿದವು. ತಿಳಿ ಬಣ್ಣದವನು ಬೆಲ್ಲದ ಬಣ್ಣಕ್ಕೆ ತಿರುಗಿದೆ. ಆದರೂ ಸುಳ್ಳು ಯಾಕೆ ಹೇಳಲಿ, ಕಲ್ಲುಮುಳ್ಳು ತುಳಿಯುವಾಗಲೆಲ್ಲ ದೀಪದ ಕೆಳಗಿನವನ ನೆನಪಾಗಿ ಹೊಟ್ಟೆ ಉರಿಯುತ್ತಲೇ ಇತ್ತು.

ವರ್ಷ ಮುಗಿಯಲು ಬಂದಾಗ ಅನಸೂಯಾಳ ಫೋನು ಬಂತು. ದನಿಯಲ್ಲಿ ಮೊದಲಿನ ಚುರುಕಿರಲಿಲ್ಲ. ಬಿಡಿ ಗಿರಾಕಿಗಳಿಂದ ಕಂಪನಿ ನಿಲ್ಲುವುದಿಲ್ಲ, ಅಲ್ಲಿಯ ಒಂದು ದೊಡ್ಡ ಅಂಗಡಿಯ ಒಡತಿ ಆರ್ಡರು ಕೊಟ್ಟರೆ ಮಾತ್ರ ವೀಸಾ ಮುಂದುವರಿಯುವ ಆಸೆ. ಆದರೆ ಆಕೆಗೆ ಅನುಮಾನ. ಮೊಳೆ ಇಲ್ಲ, ಗೋಂದು ಇಲ್ಲ, ಬರೀ ಹೊಲಿಗೆ. ನಾಲ್ಕು ದಿನ ಮೆಟ್ಟಿದರೆ ಬಿಚ್ಚಿಹೋಗದೇನು ಎಂದು ಕೇಳುತ್ತಿದ್ದಾಳೆ.

“ಅದರ ಜೋಡಿ ಅಲ್ಲೇ ಐತೆಲ್ಲಕ್ಕ, ಎಡಗಾಲಿಂದು? ಕಳಿಸು. ಎರಡೂ ಮೆಟ್ಟಿ ಆಕಿ ಮುಂದ ನಡದ ತೋರಸ್ತೀನಿ.”

ಕಸ್ತೂರಿ ಕೆಳಗೆ ನೋಡಿದಳು. ನಾನು ಅವಳ ಕಾಲಿನಲ್ಲೇ ಇದ್ದೆ.

“ಅದನ್ನ ನಾಯಿ ಕಚಗೊಂಡ ಹೋತು,” ಎಂದಳು.

ನನಗಾದ ಖುಷಿ ಅಷ್ಟಿಷ್ಟಲ್ಲ. ನಿಲ್ಲಲಿ ಅವನು ಒಂಟಿಯಾಗಿ, ಒಂಟಿ ಕಾಲ್ಮರಿಯನ್ನು ಎಷ್ಟು ದಿನ ಪೂಜಿಸುತ್ತಾರೆ ನೋಡೋಣ ಎಂದುಕೊಂಡೆ. ಕಸ್ತೂರಿಯ ಮುಖದಲ್ಲೂ ಒಂದು ಗಳಿಗೆ ಅದೇ ಖುಷಿ ಕಂಡಿತು. ತಂಗಿ ತಿರುಗಿ ಬರುತ್ತಾಳೆ, ಓಣಿಯಲ್ಲಿ ತನ್ನ ಪಕ್ಕದಲ್ಲೇ ಕೂರುತ್ತಾಳೆ, ಯಾರೂ ಸಂಸ್ಥಾಪಕಿಯಲ್ಲ. ಆದರೆ ಮಧ್ಯಾಹ್ನ ರೊಟ್ಟಿಗೆ ಕೂತವಳು ಅರ್ಧಕ್ಕೇ ತಾಟು ಸರಿಸಿ ಎದ್ದು, ಚರ್ಮ ತೆಗೆದು, ಮತ್ತೆ ಎಡಗಾಲು ಊರಿ ಗೆರೆ ಎಳೆದಳು.

ನನ್ನ ಜಾಗಕ್ಕೆ ಇನ್ನೊಬ್ಬನನ್ನು ಮಾಡುತ್ತಿದ್ದಳು! ಬಲಗಾಲಿನ ಅಣ್ಣನ ಮೇಲಿನ ಹೊಟ್ಟೆಕಿಚ್ಚು ಇದರ ಮುಂದೆ ಏನೇನೂ ಅಲ್ಲ. ಅವನಾದರೂ ಒಡಹುಟ್ಟಿದವನು. ಇವನು ಯಾರೋ ನಿನ್ನೆ ಮೊನ್ನೆಯವನು, ಬಿಳಿಚಿಕೊಂಡ ಮುಖ, ಇನ್ನೂ ನೆಟ್ಟಗೆ ಒಣಗಿಲ್ಲ, ವಿಮಾನ ಹತ್ತಿ ಹೋಗಿ ನನ್ನ ಅಣ್ಣನ ಪಕ್ಕದಲ್ಲಿ, ನನ್ನ ದೀಪದ ಕೆಳಗೆ ನಿಲ್ಲುವವನು. ಅಳತೆ ಹೋಲಿಸಲು ಕಸ್ತೂರಿ ಅವನನ್ನೂ ನನ್ನನ್ನೂ ಅಕ್ಕಪಕ್ಕ ಇಟ್ಟಳು. ಆಮೇಲೆ ಹೊಸಬನನ್ನು ಮರೆತು ನನ್ನನ್ನೇ ಎತ್ತಿಕೊಂಡಳು. ತಿರುಗಿಸಿದಳು, ಬಗ್ಗಿಸಿದಳು, ಹೊಲಿಗೆಯ ಮೇಲೆ ಉಗುರು ಓಡಿಸಿದಳು. ಒಂದು ಎಳೆಯೂ ಅಲುಗಿರಲಿಲ್ಲ. ಅವಳೇ ಫೋನು ಹಚ್ಚಿದಳು.

“ನಾಯಿ ಒಯ್ದಿಲ್ಲ ಅನಸೂ. ನಾನ ಮೆಟ್ಟೇನಿ. ನೀ ಹ್ವಾದಾಗಿಂದ ಮೆಟ್ಟೇನಿ, ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ.”

ಅದಕ್ಕೆ ಅನಸೂಯಾ ಕೇಳಿದ್ದು ಒಂದೇ ಮಾತು. “ಎಷ್ಟ ಸವದೈತಿ?”

“ಸವದಿಲ್ಲ. ಕಪ್ಪಾಗೈತಿ ಅಷ್ಟ.”

“ಒರಸಬ್ಯಾಡಕ್ಕ. ಎಣ್ಣಿ ಹಚ್ಚಬ್ಯಾಡ. ಇದ್ದಂಗ ಕಳಿಸು.” ಫೋನು ಇಡುವ ಮುಂಚೆ ದನಿ ತಗ್ಗಿಸಿ ಕೇಳಿದಳು, “ಅವು ನಿನ್ನವು ಅಂತ ಯಾಕ ಹೇಳಲಿಲ್ಲ?”

“ನೀ ಕೇಳಿದ್ರ ಹೇಳತಿದ್ದೆ,” ಎಂದಳು ಕಸ್ತೂರಿ.

ಹೀಗೆ ನಾನು ಅಥಣಿಯ ಮಣ್ಣು ಅಂಟಿಸಿಕೊಂಡೇ ಅನಸೂಯಾ ಇದ್ದ ರಾಟರ್‌ಡ್ಯಾಮ್ ಎಂಬ ಊರಿಗೆ ಹೋದೆ. ಹೊಸಬ ಗೂಟದಲ್ಲೇ ಉಳಿದ, ಅದನ್ನು ನೆನೆದರೆ ಈಗಲೂ ಹಾಯೆನಿಸುತ್ತದೆ. ಬಿಳಿಯ ಕಟ್ಟೆಯ ಮೇಲೆ ನನ್ನನ್ನು ಅಣ್ಣನ ಪಕ್ಕ ಇಟ್ಟರು. ಒಂದೇ ದಿನ ಹುಟ್ಟಿದವರು. ಅವನು ಹುಟ್ಟಿದ ಹಾಗೇ ಇದ್ದ, ನಾನು ವರ್ಷ ಪೂರ್ತಿ ದುಡಿದು ಬಂದಿದ್ದೆ. ಅಂಗಡಿಯ ಒಡತಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನನ್ನು ಕೈಗೆ ತೆಗೆದುಕೊಂಡು ಬಗ್ಗಿಸಿದಳು, ಕಸ್ತೂರಿಯ ಬೆರಳಿನ ಗುರುತುಗಳ ಮೇಲೆ ಕೈಯಾಡಿಸಿದಳು. ಆಮೇಲೆ ಅವನತ್ತ ತಿರುಗಲಿಲ್ಲ. ಆರ್ಡರು ಬಂತು, ವೀಸಾ ಮುಂದುವರಿಯಿತು.

ಆ ಸಂಜೆ ಅಣ್ಣ ಮೊದಲ ಬಾರಿಗೆ ತಾನಾಗಿ ಮಾತಾಡಿದ. ನೆಲ ಹೇಗಿರುತ್ತದೆ ಎಂದು ಕೇಳಿದ. ವರ್ಷವೆಲ್ಲ ದೀಪದ ಕೆಳಗೆ ನಿಂತು ಬರುವವರ ಕಾಲುಗಳನ್ನೇ ನೋಡಿ ಕರುಬುತ್ತಿದ್ದನಂತೆ. ನಾನು ಕಲ್ಲಿನ ಬಗ್ಗೆ, ನಲ್ಲಿಯ ಹತ್ತಿರದ ಕೆಸರಿನ ಬಗ್ಗೆ, ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದೆ.

ಬೇಸಗೆ ಬಂದಾಗ ಅನಸೂಯಾ ಅಲ್ಲಿಯ ಒಂದು ಸಣ್ಣ ಬೀದಿಯಲ್ಲಿ ಮಳಿಗೆ ಹಿಡಿದಳು. ಬಾಗಿಲ ಮೇಲಿನ ಫಲಕದಲ್ಲಿ ಇಬ್ಬರ ಹೆಸರು ಬರೆಸಿದಳು. ತೆರೆಯುವ ದಿನಕ್ಕೆ ಅಕ್ಕನನ್ನು ಕರೆಸಿಕೊಂಡಳು. ಸಾದಾ ಪ್ರವಾಸಿ ವೀಸಾ, ಕೆಲವು ವಾರಗಳದ್ದು. ಕಸ್ತೂರಿ ಬಂದವಳೇ ಕಟ್ಟೆಯ ಹತ್ತಿರ ಹೋಗಿ ನಮ್ಮಿಬ್ಬರನ್ನೂ ಕೆಳಗಿಳಿಸಿದಳು. ಯಾರನ್ನೂ ಕೇಳಲಿಲ್ಲ.

ನಮ್ಮನ್ನು ಮೆಟ್ಟಿ ಬೀದಿಗೆ ಹೊರಟಾಗ ಅವಳು ಮತ್ತೆ ಕುಂಟಿದಳು. ನಾನು ಅವಳ ಪಾದಕ್ಕೆ ಪಳಗಿದ್ದೆ. ಅಣ್ಣ ಬಿರುಸಾಗಿ ಕಚ್ಚುತ್ತಿದ್ದ, ಹೆಜ್ಜೆಗೊಮ್ಮೆ ಕಿರುಗುಟ್ಟುತ್ತಿದ್ದ. ಅವನು ನೆಲ ಮುಟ್ಟಿದ್ದು ಅದೇ ಮೊದಲು. ಮಳಿಗೆಯ ಬಾಗಿಲಲ್ಲಿ ಅನಸೂಯಾ ಆರತಿ ತಟ್ಟೆ ಹಿಡಿದು ನಿಂತಿದ್ದಳು.

“ಬಲಗಾಲ ಮುಂದ ಇಡಕ್ಕ,” ಎಂದಳು.

ಅಣ್ಣ ಎದ್ದು ನಿಂತ, ತನ್ನ ಹಕ್ಕೆಂಬಂತೆ. ಕಸ್ತೂರಿ ಬಾಗಿಲ ಮುಂದೆ ನಿಂತು ಕೆಳಗೆ ನೋಡಿದಳು. ಅವನನ್ನು ನೋಡಿದಳು, ನನ್ನನ್ನು ನೋಡಿದಳು.

“ವರ್ಷಪೂರ್ತಿ ನಡದದ್ದು ಇದು ಅನಸೂ,” ಎಂದಳು. “ಇದ ಮೊದಲ ಬರಲಿ.”

ಮತ್ತು ನನ್ನನ್ನು ಎತ್ತಿ ಒಳಗಿಟ್ಟಳು. ಅನಸೂಯಾ ಬೇಡವೆನ್ನಲಿಲ್ಲ. ತಟ್ಟೆಯನ್ನು ಸ್ವಲ್ಪ ಕೆಳಗಿಳಿಸಿ, ಅಕ್ಕನ ಎಡಗಾಲಿನ ಹತ್ತಿರ ಬೆಳಗಿದಳು.

ಆಮೇಲೆ ಕಸ್ತೂರಿ ನಮ್ಮನ್ನು ಮೆಟ್ಟಿಕೊಂಡೇ ಅಥಣಿಗೆ ಮರಳಿದಳು. ವರ್ಷಗಳು ಕಳೆದಿವೆ. ಎರಡು ಸಲ ಅಟ್ಟೆ ಬದಲಾಯಿತು, ಮೂರನೆಯ ಸಲಕ್ಕೆ ನಮ್ಮ ಪಟ್ಟಿಗಳಲ್ಲಿ ಜೀವವಿರಲಿಲ್ಲ. ಈಗ ಕೆಲಸದ ಕೋಣೆಯ ಬಾಗಿಲ ಹಿಂದೆ ಇಬ್ಬರೂ ಒಂದರ ಪಕ್ಕ ಒಂದು ಕೂತಿದ್ದೇವೆ. ಅವಳು ಹೊಸ ಜೋಡು ಮಾಡಿಕೊಂಡಿದ್ದಾಳೆ. ಅವುಗಳನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ ಎಂದರೆ ನೀವು ನಂಬುವುದೂ ಇಲ್ಲ. ಬಣ್ಣದಲ್ಲಿ ಅಣ್ಣ ಈಗ ನನ್ನ ಹಾಗೆಯೇ ಆಗಿದ್ದಾನೆ, ಗುರುತು ಸಿಗದಷ್ಟು. ಬಿಳಿಯ ಕಟ್ಟೆ, ದೀಪ, ಸಭೆ ಎಂದು ಅವನು ಶುರು ಮಾಡಿದರೆ ನಾನು ಆ ಮಳಿಗೆಯ ಬಾಗಿಲಿನ ಮಾತು ತೆಗೆಯುತ್ತೇನೆ. ಅವನು ಸುಮ್ಮನಾಗುತ್ತಾನೆ. ಅವನು ಶುರು ಮಾಡದಿದ್ದರೂ, ದಿನಕ್ಕೊಮ್ಮೆ ತೆಗೆಯುತ್ತೇನೆ.