ಆರದ ಹಳದಿ

ಆಟೋದಿಂದ ಇಳಿಯುವಾಗ ಮಧುಮತಿಯ ಗಮನವೆಲ್ಲ ಕೈಯಲ್ಲಿದ್ದ ಚಿತ್ರದ ಮೇಲೆಯೇ ಇತ್ತು. ಎಣ್ಣೆ ಬಣ್ಣ ಇನ್ನೂ ಹಸಿ. ಎರಡು ಅಂಗೈಗಳ ನಡುವೆ ಅಂಚನ್ನಷ್ಟೇ ಹಿಡಿದು, ಸೆರಗು ತಾಗದಂತೆ ಮೈ ಹಿಂದಕ್ಕೆ ಎಳೆದುಕೊಂಡು ಇಳಿದಳು. ತಲೆ ಎತ್ತಿದರೆ, ವಿಳಾಸ ಹಿಡಿದು ಹುಡುಕಿಕೊಂಡು ಬಂದ ಮನೆಯ ಮುಂದೆಯೇ ಬೆಂಕಿ ಹೊಗೆಯಾಡುತ್ತಿತ್ತು. ಇಬ್ಬರು ಕೂತು ಬಿದಿರಿಗೆ ಹಗ್ಗ ಬಿಗಿಯುತ್ತಿದ್ದರು.

"ಯಾರು ಹೋಗಿದ್ದು?" ಎಂದು ಗೇಟಿನ ಹತ್ತಿರ ನಿಂತಿದ್ದ ಹೆಂಗಸನ್ನು ಕೇಳಿದಳು.

"ಬೈಲಪ್ಪನವರ ಅಕ್ಕ, ರುದ್ರಮ್ಮ. ನಿನ್ನೆ ಸಂಜೆ ಎದೆ ನೋವು ಅಂದ್ರಂತೆ. ಆಸ್ಪತ್ರೆಗೆ ಕರ್ಕೊಂಡ್ ಹೋಗೋಷ್ಟರಲ್ಲಿ ಮುಗಿದೋಯ್ತು."

ಮಧುಮತಿ ಬಂದದ್ದು ರುದ್ರಮ್ಮನನ್ನು ನೋಡಲೆಂದೇ. ಎರಡು ಶನಿವಾರ ಆಕೆ ತನ್ನ ಡ್ರಾಯಿಂಗ್ ಕ್ಲಾಸಿಗೆ ಬಂದಿರಲಿಲ್ಲ. ಫೋನ್ ನಂಬರ್ ಕೊಟ್ಟವಳಲ್ಲ, ಸೇರುವಾಗ ಬರೆಸಿದ ವಿಳಾಸವಷ್ಟೇ ಇತ್ತು. ಬೇಸಿಗೆಗೆ ಕ್ಲಾಸು ಮುಚ್ಚುವ ಮೊದಲು ಆಕೆ ಬರೆದ ಚಿತ್ರವನ್ನಾದರೂ ತಲುಪಿಸೋಣವೆಂದು ಜಯನಗರದಿಂದ ಸುಬ್ರಹ್ಮಣ್ಯಪುರದವರೆಗೆ ಉಸಿರು ಬಿಗಿಹಿಡಿದು ತಂದಿದ್ದಳು.

ಮದುವೆ ಮನೆಯಲ್ಲಾದರೆ ಯಾರ ಕಡೆಯವರೆಂದು ಕೇಳುತ್ತಾರೆ. ಸಾವಿನ ಮನೆಯಲ್ಲಿ ಕೇಳುವುದಿಲ್ಲ, ದಾರಿ ಬಿಡುತ್ತಾರೆ. ಅಂಗಳದ ಚಾಪೆಯ ಮೇಲೆ ರುದ್ರಮ್ಮ ಮಲಗಿದ್ದಳು. ಬಂದವರು ಹಾರ ಹಾಕಿ, ಕಾಲು ಮುಟ್ಟಿ ಸರಿಯುತ್ತಿದ್ದರು. ಮಧುಮತಿಗೆ ಕೈ ಮುಗಿಯೋಣವೆಂದರೆ ಕೈ ಬಿಡುವಿಲ್ಲ. ಚಿತ್ರ ಕೆಳಗಿಡೋಣವೆಂದರೆ ಎಲ್ಲಿ ನೋಡಿದರೂ ಕಾಲು, ಸೀರೆ, ಧೂಳು. ಕಣ್ಣೀರು ಗಲ್ಲಕ್ಕಿಳಿಯಿತು, ಒರೆಸಿಕೊಳ್ಳಲಿಕ್ಕೂ ಆಗಲಿಲ್ಲ. ಅಷ್ಟು ಜನರಲ್ಲಿ ಅವಳಿಗೆ ಗೊತ್ತಿದ್ದ ಮುಖ ಒಂದೇ, ಚಾಪೆಯ ಮೇಲಿನದು.

* * *

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ರುದ್ರಮ್ಮ ಜಯನಗರ ನಾಲ್ಕನೇ ಬ್ಲಾಕಿನ ಮಹಡಿ ಮೇಲಿನ ಕ್ಲಾಸಿಗೆ ಏದುಸಿರು ಬಿಡುತ್ತ ಹತ್ತಿ ಬಂದಿದ್ದಳು. ಐವತ್ತು ದಾಟಿದವಳು. ಉಳಿದವರೆಲ್ಲ ಕ್ಯಾಲೆಂಡರ್ ನೋಡಿ ಗುಲಾಬಿ ಬರೆಯುತ್ತಿದ್ದರೆ, ಇವಳು ಚೀಲದಿಂದ ಉಪ್ಪಿನಕಾಯಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಅದರ ತುಂಬ ತುಂಬೆ ಹೂವು.

"ನಮ್ಮನೆ ಪಕ್ಕ ಖಾಲಿ ಸೈಟಿದೆ ಮೇಡಂ. ಅಲ್ಲಿ ಬೆಳೆಯೋದನ್ನ ಯಾರೂ ಕೇಳಲ್ಲ."

ಮುಂದಿನ ವಾರಕ್ಕೆ ತುಂಬೆ ಬಾಡಿತ್ತು. ವಿಷ್ಣುಕ್ರಾಂತಿ ತಂದಳು. ಅದೂ ಬಾಡಿತು, ಲಂಟಾನ ತಂದಳು.

"ಹೀಗಾದ್ರೆ ಯಾವಾಗ ಮುಗಿಸ್ತೀರಿ? ನೆನಪಿಂದ ಬರೀರಿ," ಎಂದು ಮಧುಮತಿ ರೇಗಿದ್ದಳು.

"ಕಣ್ಣೆದುರಿಗೆ ಇಲ್ದಿರೋದನ್ನ ಬರೆಯೋಕೆ ನಂಗೆ ಬರಲ್ಲ ಮೇಡಂ."

ಹಾಗೆ ವಾರಕ್ಕೊಂದು ಹೂವು. ಚಿತ್ರದಲ್ಲಿ ಒಂದೇ ಬಾಟಲಿಯಲ್ಲಿ ಒತ್ತೊತ್ತಾಗಿ ನಿಂತ ಆ ಹೂಗಳು ನಿಜದಲ್ಲಿ ಒಂದನ್ನೊಂದು ಕಂಡೇ ಇರಲಿಲ್ಲ. ಯುಗಾದಿಗೆ ಮುಂಚೆ ತಂಗಡಿ ಬಂತು. ಆ ಹಳದಿಯನ್ನು ರುದ್ರಮ್ಮ ಬೆಣ್ಣೆ ಮೆತ್ತಿದ ಹಾಗೆ ಮೆತ್ತಿದಳು.

"ಇಷ್ಟು ದಪ್ಪ ಬಳಿದ್ರೆ ತಿಂಗಳಾದ್ರೂ ಆರಲ್ಲ."

"ಆರದಿದ್ರೆ ಇರಲಿ ಬಿಡಿ, ನಂಗೇನು ಅವಸರ?" ಕುಂಚ ಆಡುತ್ತಲೇ ಇತ್ತು. "ನನ್ ಮದುವೆ ಹಿಂದಿನ ದಿನ ನಮ್ಮಪ್ಪ ತೀರ್ಕೊಂಡ್ರು. ಗಂಡಿನ ಕಡೆಯೋರು ಅಪಶಕುನ ಅಂತ ಎದ್ದೋದ್ರು. ಅಕ್ಷತೆ ಕಲಸಿಟ್ಟಿದ್ವಿ, ಇದೇ ಬಣ್ಣ. ಆಮೇಲೆ ಕೋಳಿಗೆ ಹಾಕಿದ್ವಿ." ಹೇಳಿ ನಕ್ಕಳು. ಮಧುಮತಿಗೆ ನಗು ಬರಲಿಲ್ಲ.

"ಮನೇಲಿ ಇದನ್ನ ತೋರಿಸಿದ್ದೀರಾ?"

"ಭಜನೆಗೆ ಅಂತ ಹೇಳಿ ಬರ್ತೀನಿ. ಮುಗೀಲಿ. ನಾನೇ ತಗೊಂಡೋಗಿ ನಮ್ಮ ಬೈಲನ ಮುಂದೆ ಇಡ್ತೀನಿ. ಅಕ್ಕಂಗೆ ಇದೂ ಬರುತ್ತಾ ಅಂತ ಅವನು ಒಂದ್ ಸಲ ನೋಡ್ಬೇಕು."

* * *

"ನೀವು ಭಜನೆ ಕಡೆಯೋರಾ?" ಬೈಲಪ್ಪನ ಹೆಂಡತಿ ಲತಾಮಣಿ ಬಂದು ಕೇಳಿದಳು.

ಹೌದೆಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಸತ್ತವಳ ಗುಟ್ಟೂ ಉಳಿಯುತ್ತಿತ್ತು. ಆದರೆ ತಮ್ಮ ಒಂದು ಸಲ ನೋಡಬೇಕೆಂದಿದ್ದಳಲ್ಲ. ಚಾಪೆಯ ಮೇಲಿನ ಮುಖ ಇನ್ನೆಷ್ಟು ಹೊತ್ತು ಇಲ್ಲಿರುತ್ತದೆ?

"ಇಲ್ಲ. ಅವರು ಶನಿವಾರ ನನ್ನ ಹತ್ರ ಪೇಂಟಿಂಗ್ ಕಲಿಯೋಕೆ ಬರ್ತಿದ್ರು. ಇದು ಅವರೇ ಬರ್ದಿದ್ದು. ಬೈಲಪ್ಪನೋರಿಗೆ ತೋರಿಸ್ಬೇಕಿತ್ತು."

"ನಮ್ಮ ಅತ್ತಿಗೆನಾ?" ಲತಾಮಣಿ ಚಿತ್ರ ನೋಡಿದಳು, ಚಾಪೆಯ ಕಡೆ ನೋಡಿದಳು. "ಮೂವತ್ತು ವರ್ಷ ಒಂದೇ ಒಲೆ ಮುಂದೆ ಕೂತಿದ್ದೀವಿ, ನಂಗೊಂದ್ ಮಾತು ಹೇಳಿಲ್ಲ." ಆಮೇಲೆ ತಿರುಗಿ ಗಂಡನನ್ನು ಕೂಗಿದಳು.

ಬೈಲಪ್ಪ ಒದ್ದೆ ಪಂಚೆಯಲ್ಲೇ ಬಂದ. "ಅಕ್ಕ ಭಜನೆಗೆ ಹೋಗ್ತಿತ್ತು," ಎಂದ, ತಪ್ಪು ವಿಳಾಸಕ್ಕೆ ಬಂದವರಿಗೆ ಹೇಳುವ ಹಾಗೆ. ಮಧುಮತಿ ಚಿತ್ರವನ್ನು ಅವನ ಕಡೆ ತಿರುಗಿಸಿದಳು.

ಅವನು ಬಹಳ ಹೊತ್ತು ನೋಡಿದ. ಕಾಂಪೌಂಡಿನಾಚೆ ಸೈಟಿನಲ್ಲಿ ತಂಗಡಿ ಹೂ ಬಿಟ್ಟಿತ್ತು. ಅದನ್ನೂ ನೋಡಿದ.

"ಸೈಟಲ್ಲಿ ಹಾವಿರ್ತವೆ, ಹೋಗ್ಬೇಡ ಅಂತ ಬೈತಿದ್ದೆ," ಎಂದ. ನಿಜವಾದ ಹೂವನ್ನು ಕೀಳುವವನಂತೆ ಹೆಬ್ಬೆರಳು, ತೋರುಬೆರಳು ಚಾಚಿ ಹಳದಿಯನ್ನು ಹಿಡಿದ.

"ಆರಿಲ್ಲ ಸಾರ್," ಎನ್ನುವಷ್ಟರಲ್ಲಿ ಬಣ್ಣ ಬೆರಳಿಗೆ ಬಂದಿತ್ತು.

"ಬೈಲಪ್ಪ, ಹೊತ್ತಾಯ್ತು. ಬಾಯಿಗೆ ಅಕ್ಕಿ ಹಾಕು ಬಾರಪ್ಪ," ಎಂದು ಶಾಸ್ತ್ರ ಮಾಡಿಸುತ್ತಿದ್ದ ಹಿರಿಯ ಗುಂಡಣ್ಣ ಕರೆದರು.

ಅವನು ಕೈ ಒರೆಸಿಕೊಳ್ಳದೆ ಹೋದ. ಅಕ್ಕನ ತಲೆಯ ಬಳಿ ಮಂಡಿಯೂರಿ, ತಟ್ಟೆಯಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿದ. ಗುಂಡಣ್ಣ ಬಗ್ಗಿ ನೋಡಿದರು.

"ಇದ್ಯಾರು ಅಕ್ಷತೆ ಕೊಟ್ಟಿದ್ದು? ಸಾವಿಗೆ ಬಿಳಿ ಅಕ್ಕಿ ಅಲ್ವೇನಮ್ಮ?"

ಲತಾಮಣಿ ತಟ್ಟೆ ಎತ್ತಿ ತೋರಿಸಿದಳು. ಅದರಲ್ಲಿದ್ದದ್ದು ಬಿಳಿ ಅಕ್ಕಿಯೇ.

ಬೈಲಪ್ಪ ಇನ್ನೊಂದು ಚಿಟಿಕೆ ತೆಗೆದುಕೊಂಡ. ಬೆರಳಲ್ಲಿ ಸ್ವಲ್ಪ ಹೊತ್ತು ಹೊಸಕಿ, ಈ ಸಲ ಬಾಯಿಗೆ ಹಾಕದೆ ಅಕ್ಕನ ನೆತ್ತಿಯ ಮೇಲೆ ಉದುರಿಸಿದ. ನರೆಗೂದಲಿನ ನಡುವೆ ಕಾಳುಗಳು ಹಳದಿಯಾಗಿ ನಿಂತವು.