ಜೈಲಿಗೊಂದು ಮೂಟೆ ಮರಳು

“ಬಾಯಿ ಅಗಲಿಸಿ ಹಿಡಿಯೇ, ಮುದಿ ಗೂಬೆ! ಮರಳೆಲ್ಲ ನೆಲಕ್ಕೆ ಸುರೀತಿದೆ. ನಿಮ್ಮಪ್ಪ ಬಂದು ಬಳೀತಾನಾ?”

ಮೇಸ್ತ್ರಿ ಗದರಿದ್ದಕ್ಕೆ ಮುದುಕಿ ಗೋಣಿಚೀಲದ ಬಾಯನ್ನು ಇನ್ನಷ್ಟು ಅಗಲಿಸಿದಳು. ಎದುರಿಗೆ ಸಲಿಕೆ ಹಿಡಿದು ನಿಂತವಳನ್ನು ಆ ಮರಳಿನ ಅಂಗಳದಲ್ಲಿ ಎಲ್ಲರೂ ಮೂಗಿ ಅನ್ನುತ್ತಿದ್ದರು. ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ, ಅಷ್ಟೆ. ಅಣ್ಣ ಸತ್ತ ಮೇಲೆ ಇದ್ದಬದ್ದ ಮಾತೂ ನಿಂತುಹೋಗಿತ್ತು.

ಅಣ್ಣನನ್ನು ಹಾರೆಯಿಂದ ಹೊಡೆದು ಕೊಂದವನು ಈ ಮುದುಕಿಯ ಮಗ. ಅಂದಿನಿಂದ ಇಬ್ಬರೂ ಜೋಡಿಯಾಗಿ ಕೆಲಸ ಮಾಡಿದ್ದಿಲ್ಲ. ಒಬ್ಬಳು ಜರಡಿಯ ಹತ್ತಿರವಿದ್ದರೆ ಇನ್ನೊಬ್ಬಳು ಗುಂಡಿಯ ಹತ್ತಿರ. ಒಬ್ಬಳು ನೀರು ಕುಡಿದು ಹೋದ ಮೇಲೆಯೇ ಇನ್ನೊಬ್ಬಳು ನಲ್ಲಿಯ ಕಡೆ ಹೆಜ್ಜೆ ಹಾಕುತ್ತಿದ್ದಳು. ಇವತ್ತು ಮೇಸ್ತ್ರಿ ಬೇಕೆಂದೇ ಇಬ್ಬರನ್ನೂ ಕರೆದು ಎದುರುಬದುರು ನಿಲ್ಲಿಸಿದ್ದ.

ಜೈಲಿನ ಜೀಪು ಬಂದಿತ್ತು. ನಾಳೆ ಬೆಳಿಗ್ಗೆ ಮುದುಕಿಯ ಮಗನಿಗೆ ನೇಣು. ಅದಕ್ಕೆ ಮೊದಲು ಅವನಷ್ಟೇ ತೂಕದ ಮರಳಿನ ಮೂಟೆಯನ್ನು ಹಗ್ಗಕ್ಕೆ ಕಟ್ಟಿ ಬೀಳಿಸಿ, ಹಗ್ಗ ತಡೆಯುತ್ತದೋ ಇಲ್ಲವೋ ನೋಡಬೇಕು. ಜೈಲಿನಲ್ಲಿದ್ದ ಹಳೇ ಮೂಟೆಯನ್ನು ಇಲಿ ತಿಂದುಹಾಕಿತ್ತು. ಮಗನನ್ನು ಕೊನೆಯ ಸಲ ನೋಡಲು ಮುದುಕಿ ರಜೆ ಕೇಳಿದ್ದಳು. “ಜೈಲೊಳಗೆ ಬಿಡೋದು ಸಂಜೆಗಲ್ವಾ? ಈಗೇನು ನಿನ್ನ ದರ್ಬಾರು?” ಅಂದಿದ್ದ ಮೇಸ್ತ್ರಿ.

“ತಮಾಷೆ ನೋಡಿ ಸಾರ್,” ಅವನು ಜೈಲಿನ ವಾರ್ಡರನಿಗೆ ಕಣ್ಣು ಹೊಡೆದ. “ಸತ್ತೋನ ತಂಗಿ ತುಂಬ್ತಾಳೆ, ಸಾಯೋನ ಅವ್ವ ಹಿಡೀತಾಳೆ. ಇಂಥ ಜೋಡಿ ಹುಡುಕಿದ್ರೂ ಸಿಗಲ್ಲ.”

ವಾರ್ಡರ್ ನಗಲಿಲ್ಲ. ಜೀಪಿಗೆ ಒರಗಿ ಕಿವಿಯಲ್ಲಿ ಬೆಂಕಿಕಡ್ಡಿ ಆಡಿಸುತ್ತಿದ್ದ. “ಮೊದಲೇ ಹೇಳಿದ್ರೆ ಬೇರೆ ಕಡೆ ಹೋಗ್ತಿದ್ದೆ ಕಣಯ್ಯಾ.”

“ಅಯ್ಯೋ, ಅವಳಿಗೂ ಸ್ವಲ್ಪ ಖುಷಿ ಬೇಡ್ವಾ? ಏ ಮೂಗಿ, ಖುಷೀನಾ?”

ಖುಷಿಯಾಗಬೇಕಿತ್ತು. ಅಣ್ಣನ ಒಡೆದ ತಲೆಯನ್ನು ಮಡಿಲಲ್ಲಿ ಹಿಡಿದುಕೊಂಡ ದಿನದಿಂದ ಅವಳು ಇದಕ್ಕೇ ಕಾದಿದ್ದಳು. ಈಗ ನೋಡಿದರೆ, ಎತ್ತಿದ ಮರಳು ಅರ್ಧ ಚೀಲಕ್ಕೆ, ಅರ್ಧ ಮುದುಕಿಯ ಪಾದಕ್ಕೆ.

“ಇಂಥೋರನ್ನ ನೇಣಿಗೆ ಹಾಕ್ಲೇಬೇಕು ಸಾರ್. ಇಲ್ಲಾಂದ್ರೆ ನಾಳೆ ಕಂಡಕಂಡೋರೆಲ್ಲ ಹಾರೆ ಎತ್ತುತಾರೆ. ಒಳಗೆ ಕೂರಿಸಿ ಕೂಳು ಹಾಕೋಕೆ ಅವನೇನು ಸರ್ಕಾರದ ಅಳಿಯನಾ?”

“ಹಿಂದೆ ಒಬ್ಬನ್ನ ಹಾಕಿದ್ವಿ,” ವಾರ್ಡರ್ ಕಡ್ಡಿ ಎಸೆದ. “ಆಮೇಲೆ ಇನ್ಯಾವನೋ ಬಂದು ನಾನೇ ಮಾಡಿದ್ದು ಅಂದ. ಜೈಲಲ್ಲಿರೋನನ್ನ ಬಾಗಿಲು ತೆಗೆದು ಕಳಿಸಬಹುದು. ಮಣ್ಣಲ್ಲಿರೋನನ್ನ ಏನು ಮಾಡ್ತೀಯ?”

“ಇವನು ಮಾಡಿಲ್ಲ ಅಂತೀರಾ ಮತ್ತೆ?”

“ಮಾಡಿದಾನೆ. ಅವನೇ ಹೇಳ್ತಾನೆ. ಈಗೀಗ ಇನ್ನೂ ಏನೇನೋ ಹೇಳ್ತಾನೆ. ಕೇಳಿಸ್ಕೊಳ್ಳೋರು ಯಾರೂ ಇಲ್ಲ.”

ಮೇಸ್ತ್ರಿ ಮಾತು ಅಲ್ಲಿಗೇ ಬಿಟ್ಟು ತಕ್ಕಡಿ ತರಲು ಹೋದ.

ಅವನು ಅತ್ತ ತಿರುಗಿದ್ದೇ ಮುದುಕಿ ತಲೆಯೆತ್ತದೆ ಕೇಳಿದಳು. “ಸಂಜೆ ಹಾರೆ ಎಲ್ಲಿಡ್ತೀಯವ್ವಾ?”

ಮೂಗಿ ಇನ್ನೊಂದು ಸಲಿಕೆ ಮರಳು ಎತ್ತಿದಳು. ಎಲ್ಲಿಡುವುದು? ಸಂಜೆಯಾದರೆ ಹಾರೆ, ಸಲಿಕೆ, ಬುಟ್ಟಿ ಎಲ್ಲವೂ ಧಣಿಯ ಕೋಣೆಗೆ. ಬೀಗದ ಕೈ ಧಣಿಯ ಸೊಂಟಕ್ಕೆ.

“ಅವತ್ತು ರಾತ್ರಿ ನನ್ನ ಮಗನ ಕೈಗೆ ಹಾರೆ ಹೆಂಗೆ ಬಂತು?”

ಸಲಿಕೆ ನಿಂತಿತು.

“ಗುಂಡಿ ಕುಸೀತದೆ, ಗೋಡೆಗೆ ಹಲಗೆ ಕೊಡೋವರೆಗೂ ಯಾರೂ ಇಳೀಬೇಡಿ ಅಂದ ನಿಮ್ಮಣ್ಣ. ಧಣಿ ನನ್ನ ಮಗನ್ನ ಕರೆದು ಕುಡಿಸಿದ. ಹೆದರಿಸಿ ಬಾ ಅಂತ ಹಾರೆ ತೆಗೆದು ಕೊಟ್ಟ. ಬಾಯಿ ಬಿಡಬೇಡ, ಬಿಡಿಸ್ಕೊಂಡು ಬರ್ತೀನಿ ಅಂದ. ಈ ಮುಠ್ಠಾಳ ನಂಬಿದ. ಹೊಡೆದಿದ್ದು ಇವನೇ, ಇಲ್ಲ ಅನ್ನಲ್ಲ. ನಿನ್ನ ಮುಂದೆ ಯಾವ ಮುಖ ಇಟ್ಕೊಂಡು ಅವನನ್ನ ಬಿಡಿ ಅನ್ಲಿ?”

ಸುಳ್ಳು ಎಂದು ಕಿರುಚಬೇಕೆನಿಸಿತು ಮೂಗಿಗೆ. ಆದರೆ ಬೀಗವನ್ನು ಯಾರೂ ಒಡೆದಿರಲಿಲ್ಲ. ಮರುದಿನ ಧಣಿಯೇ ಬಾಗಿಲು ತೆಗೆದು, ಒಂದು ಹಾರೆ ಕಡಿಮೆಯಿದೆ ಎಂದು ಎಲ್ಲರ ಜನ್ಮ ಜಾಲಾಡಿದ್ದ. ಅಲ್ಲೇ ನಿಂತು ಅವಳೂ ಬೈಸಿಕೊಂಡಿದ್ದಳು.

ಮೂಟೆ ತಕ್ಕಡಿಗೆ ಏರಿತು. ವಾರ್ಡರ್ ಬಗ್ಗಿ ಮುಳ್ಳು ನೋಡಿದ. “ಸಾಕು. ಇಷ್ಟೇ.”

“ಇಷ್ಟೇನಾ?” ಮುದುಕಿ ದಿಗಿಲುಬಿದ್ದಳು. “ಇಲ್ಲ ಸಾಮಿ, ನನ್ನ ಮಗ ಇಷ್ಟು ಕಮ್ಮಿ ಇಲ್ಲ. ಎರಡು ಮೂಟೆ ಸಿಮೆಂಟು ಒಟ್ಟಿಗೆ ಹೊರ್ತಿದ್ದ ಆಳು ಅವನು. ಸರಿಯಾಗಿ ನೋಡಿ.” ಬೊಗಸೆ ಬೊಗಸೆ ಮರಳು ಬಾಚಿ ಚೀಲಕ್ಕೆ ತುಂಬತೊಡಗಿದಳು.

ವಾರ್ಡರ್ ಬೇರೆ ಕಡೆ ನೋಡಿದ. “ಈಗ ಅಷ್ಟೇ ಇದಾನಮ್ಮ. ಊಟ ಸೇರಲ್ಲ ಅವನಿಗೆ.”

ಮೇಸ್ತ್ರಿ ಅವಳ ಕೈಯನ್ನು ಕಾಲಿನಿಂದ ಒದ್ದ. “ತೆಗಿಯೇ ರಂಡೆ! ತುತ್ತು ತಿನ್ನಿಸ್ತಿದೀಯಾ? ಏ ಮೂಗಿ, ಹೆಚ್ಚಿಗೆದು ಸುರಿದು ಬಾಯಿ ಹೊಲಿ. ಜೀಪಿಗೆ ಹಾಕು.”

ಮೂಗಿ ಹೊಲಿದಳು. ದಬ್ಬಳ ನೆಟ್ಟಗೆ ಹೋಗಲೊಲ್ಲದು. ಹೊಲಿಗೆ ದೂರದೂರವಾಯಿತು. ಆಮೇಲೆ ಬಗ್ಗಿ ಬೆನ್ನು ಕೊಟ್ಟಳು.

“ದೊಡ್ಡವ್ವಾ, ಒಂದು ಕೈ ಹಿಡಿ.”

ಚಿಕ್ಕಂದಿನಲ್ಲಿ ಹಾಗೆಯೇ ಕರೆಯುತ್ತಿದ್ದಳು. ಮುದುಕಿ ಮೂಟೆ ಎತ್ತಿಕೊಟ್ಟಳು. ದಿನವೂ ಹೊರುವ ಸಿಮೆಂಟಿನ ಮೂಟೆಗೂ ಇದಕ್ಕೂ ದೊಡ್ಡ ವ್ಯತ್ಯಾಸವಿರಲಿಲ್ಲ.

ಮೂಗಿ ಜೀಪನ್ನು ದಾಟಿ ನಡೆದಳು.

“ಕಣ್ಣು ಹೋಯ್ತೇನೇ? ಜೀಪು ಈ ಕಡೆ!”

ಅವಳು ಮೆಟ್ಟಿಲು ಹತ್ತಿ ಧಣಿಯ ಕೋಣೆಗೆ ನುಗ್ಗಿದಳು. ಧಣಿ ಕಿಟಕಿಯ ಬಳಿ ನಿಂತು ಫೋನಿನಲ್ಲಿ ನಗುತ್ತಿದ್ದ. ಅವನ ಗಾಲಿಯಿರುವ ಆಫೀಸು ಕುರ್ಚಿಯೊಳಕ್ಕೆ ಮೂಟೆಯನ್ನು ಕೆಡವಿದಳು. ಕುರ್ಚಿ ನರಳುತ್ತ ಹಿಂದಕ್ಕೆ ಉರುಳಿ ಗೋಡೆಗೆ ಬಡಿಯಿತು.

“ಯಾವಳೇ ನೀನು? ತಲೆ ಕೆಟ್ಟಿದೆಯಾ, ಬೋಸುಡಿ?”

ಮೂಗಿ ಅವನ ಕಡೆ ತಿರುಗಲೇ ಇಲ್ಲ. ಹಿಂದೆಯೇ ಓಡಿ ಬಂದು ಬಾಗಿಲಲ್ಲಿ ನಿಂತಿದ್ದ ವಾರ್ಡರನನ್ನು ನೋಡಿದಳು.

“ಅವನನ್ನ ಬಿಡಿ ಅನ್ನೋಕೆ ಬಂದಿಲ್ಲ ಸಾರ್. ನಮ್ಮಣ್ಣನ ತಲೆ ಒಡೆದೋನು ಅವನು. ಅವನ ತೂಕ ಆಯ್ತಲ್ಲ, ಹಾರೆ ಕೊಟ್ಟೋನ ತೂಕಾನೂ ಮಾಡಿ. ಅಲ್ಲೀವರೆಗೂ ಅವನನ್ನ ಸಾಯಿಸಬೇಡಿ. ಹೇಳೋಕೆ ಇರೋನು ಅವನೊಬ್ಬನೇ.”

ಧಣಿಯ ಕೈ ಸೊಂಟದ ಬೀಗದ ಕೈ ಗೊಂಚಲಿನ ಮೇಲೆ ಹೋಗಿ ಕೂತಿತು.

“ಯಾರ್ರೋ ಅಲ್ಲಿ!” ಮೇಸ್ತ್ರಿ ಅಂಗಳದತ್ತ ಅರಚಿದ. “ಬಂದು ಮೂಟೆ ಎತ್ರೋ, ಸೂಳೇಮಕ್ಕಳಾ!”

ಜರಡಿಯ ಸದ್ದು ನಿಂತಿತ್ತು. ಬುಟ್ಟಿ ಹೊತ್ತವರು ಬುಟ್ಟಿ ಇಳಿಸಿದರು. ಯಾರೂ ಬರಲಿಲ್ಲ.

ಮುದುಕಿ ಬಂದು ಮೂಟೆ ಆಚೆ ಹೋಗದಂತೆ ಹೊಸ್ತಿಲಿಗೆ ಅಡ್ಡಲಾಗಿ ಕೂತಳು. ಕುರ್ಚಿಯಲ್ಲಿ ಮೂಟೆ ಒಂದು ಕಡೆಗೆ ವಾಲಿತ್ತು. ಹೊಲಿಗೆ ಬಿಟ್ಟ ಕಡೆಯಿಂದ ಮರಳು ಸಣ್ಣಗೆ ನೆಲಕ್ಕೆ ಇಳಿಯುತ್ತಿತ್ತು. ಅದನ್ನು ತಡೆಯಲು ಮುದುಕಿಯ ಕೈ ತಾನಾಗಿ ಮುಂದೆ ಹೋಯಿತು. ಅರ್ಧಕ್ಕೇ ಹಿಂದಕ್ಕೆಳೆದುಕೊಂಡು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡಳು.