ಕಿಯೋ ಮನೆತನದ ಮದ್ದು

ರೇಣುಕಾಪ್ರಸಾದನ ಬಲಹಣೆಯಿಂದ ರೆಪ್ಪೆಯವರೆಗೆ ನೀರುಗುಳ್ಳೆ ಎದ್ದಿದ್ದವು. ಸರ್ಪಸುತ್ತು. ಕಣ್ಣಿಗೆ ಇಳಿದರೆ ದೃಷ್ಟಿಯೇ ಹೋಗಬಹುದು, ಇವತ್ತೇ ತುಮಕೂರಿನ ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ಕುಣಿಗಲ್ಲಿನ ಡಾಕ್ಟರು ಅವನ ಹೆಂಡತಿ ಸಿಂಚನಾಳಿಗೆ ಗದರಿ ಕಳಿಸಿದ್ದರು. ಅತ್ತೆ ಸರ್ವಮಂಗಳಮ್ಮ ಮಾತ್ರ ಬಟ್ಟಲಲ್ಲಿ ಕೆಮ್ಮಣ್ಣು ಕಲಸುತ್ತಾ ಕೂತಿದ್ದರು.

"ಸೂಜಿ ಚುಚ್ಚಿದ್ರೆ ಸರ್ಪ ಕೆರಳ್ತದೆ ಕಣೇ. ತಲೆ-ಬಾಲ ಕೂಡೋದ್ರೊಳಗೆ ನಮ್ಮಜ್ಜನ ಈ ಮದ್ದು ಬಳಿದ್ರೆ ಆಯ್ತು."

"ಅಮ್ಮ ಹೇಳಿದ್ಮೇಲೆ ಮುಗೀತು ಬುಡು," ಎಂದ ಗಂಡ, ಒಂದೇ ಕಣ್ಣು ತೆರೆದು.

ಬಾಗಿಲಲ್ಲಿ ಕಾರು ನಿಂತಿತು. ರೇಣುಕಾಪ್ರಸಾದ ಕೆಲಸ ಮಾಡುವ ಕುದುರೆ ಫಾರಂಗೆ ಐರ್ಲೆಂಡಿನಿಂದ ಬಂದ ತರಬೇತುದಾರ ಕಿಯೋ. ಕುದುರೆ ಸೀನಿದರೂ ಥರ್ಮಾಮೀಟರ್ ಇಟ್ಟು ನೋಡುವ ಮನುಷ್ಯ. ಅವರು ಹೇಳಿದರೆ ಅತ್ತೆ ಕೇಳಿಯಾರು ಎಂದು ಸಿಂಚನಾಳೇ ಫೋನ್ ಮಾಡಿ ಕರೆಸಿದ್ದಳು.

ಕಿಯೋ ಬಗ್ಗಿ ಗುಳ್ಳೆ ನೋಡಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಸಿಂಚನಾ ಹಣೆ ಚಚ್ಚಿಕೊಂಡಳು.

"ಏನಂತಾರಮ್ಮ ಸಾಯೇಬ್ರು?"

"ಅವ್ರೂರಲ್ಲೂ ಹಂಗೇ ಅಂತಾರಂತೆ ಅತ್ತೆ. ತಲೆ-ಬಾಲ ಕೂಡಿದ್ರೆ ಮನುಷ್ಯ ಉಳಿಯಲ್ವಂತೆ."

"ನೋಡ್ದಾ! ನಾನೇನಂದೆ?"

ಕಿಯೋ ಇನ್ನೂ ಮುಗಿಸಿರಲಿಲ್ಲ. ಜೇಬಿನಿಂದ ಪುಟ್ಟ ಚಾಕು ತೆಗೆದು, ದೇವರ ಗೂಡಿನ ದೀಪಕ್ಕೆ ಅದರ ತುದಿ ಹಿಡಿದು, ತನ್ನ ತೋರುಬೆರಳು ಚಾಚಿದ. ಸಿಂಚನಾ ತನ್ನ ಕಿವಿಯನ್ನೇ ನಂಬದೆ ಮತ್ತೊಮ್ಮೆ ಕೇಳಿದಳು. ಅವನು ಅದನ್ನೇ ಹೇಳಿದ.

"ಅತ್ತೆ... ಇದಕ್ಕೆ ಇವ್ರ ಕಿಯೋ ಮನೆತನದವರ ರಕ್ತಾನೇ ಮದ್ದಂತೆ. ಇವ್ರಜ್ಜ ಊರೋರಿಗೆಲ್ಲ ಹಚ್ತಿದ್ರಂತೆ. ಈಗ ಬೆರಳು ಕುಯ್ಕೊಂಡು ನಿಮ್ಮ ಮಗನ ಹಣೆಗೆ ಹಚ್ತಾರಂತೆ."

ಬಟ್ಟಲು ಅತ್ತೆಯ ಕೈಯಿಂದ ಜಾರಿ ನೆಲವೆಲ್ಲ ಕೆಂಪಾಯಿತು.

"ಶಿವಶಿವಾ! ಇಭೂತಿ ಇಡೋ ಹಣೆಗೆ ರಕ್ತಾನಾ?"

"ಅಜ್ಜನ ಕಾಲದ ಮದ್ದಂತೆ ಅತ್ತೆ..."

"ಯಾರಜ್ಜನಾದ್ರೇನು! ಅಜ್ಜ ಮಾಡಿದ್ದೆಲ್ಲ ಮದ್ದಾಗ್ಬುಡ್ತದೇನೇ?"

ಆಡಿದ ಮಾತು ತಮ್ಮ ಕಿವಿಗೇ ಬಿದ್ದು ಸರ್ವಮಂಗಳಮ್ಮ ಗಕ್ಕನೆ ನಿಂತರು. ನೆಲದ ಕೆಮ್ಮಣ್ಣು ನೋಡಿದರು. ಮಗನ ಊದಿದ ರೆಪ್ಪೆ ನೋಡಿದರು. ಕಿಯೋನ ಬೆರಳ ತುದಿಯಲ್ಲಿ ಆಗಲೇ ಒಂದು ಹನಿ ಮೂಡಿತ್ತು.

"ಏಳ್ಲಾ, ಚಪ್ಲಿ ಮೆಟ್ಕೋ. ಇವನ ಕಾರಲ್ಲೇ ತುಮಕೂರಿಗೆ ಹೋಗಾಣ." ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದರು. "ಮೊದ್ಲು ಆ ಚಾಕು ಇಸ್ಕೋಳೇ."